ಒಂದೇ ಆಸನ ಎಲ್ಲರಿಗೂ ಒಂದೇ ರೀತಿ ಏಕೆ ಬರುವುದಿಲ್ಲ? ದೇಹರಚನೆ ತಿಳಿದು ಯೋಗ ಮಾಡುವ ಬಗೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವುದೇ ಯೋಗ ತರಗತಿಯನ್ನು ನೆನಪಿಸಿಕೊಳ್ಳಿ. ಚಾಪೆ ಹಾಸಿ ಕುಳಿತವರಲ್ಲಿ ಬೀಡಿ ಕಟ್ಟುವ ಹೆಂಗಸರಿರುತ್ತಾರೆ, ಅಡಿಕೆ ತೋಟದಲ್ಲಿ ದುಡಿಯುವವರಿರುತ್ತಾರೆ, ನಿವೃತ್ತ ಮೇಷ್ಟ್ರಿರುತ್ತಾರೆ, ಕಾಲೇಜು ಮಕ್ಕಳೂ ಇರುತ್ತಾರೆ. ಶಿಕ್ಷಕರು ಪಶ್ಚಿಮೋತ್ತಾನಾಸನ ಎಂದ ಕೂಡಲೇ ಒಬ್ಬರ ಹಣೆ ಮೊಣಕಾಲಿಗೆ ತಾಗುತ್ತದೆ, ಇನ್ನೊಬ್ಬರ ಬೆರಳು ಪಾದದವರೆಗೂ ಹೋಗುವುದಿಲ್ಲ. ಹೋಗದವರು ತಮಗೆ ಶ್ರದ್ಧೆ ಸಾಲದು ಎಂದುಕೊಂಡು ಇನ್ನಷ್ಟು ಎಳೆಯುತ್ತಾರೆ. ಮರುದಿನ ಸೊಂಟ ಹಿಡಿದುಕೊಂಡು ಏಳುತ್ತಾರೆ.

ಇದು ಶ್ರದ್ಧೆಯ ಕೊರತೆಯಲ್ಲ. ಮೂಳೆ, ಕೀಲು, ಸ್ನಾಯುಗಳು ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುತ್ತವೆ. ಅದನ್ನು ಸ್ವಲ್ಪ ತಿಳಿದುಕೊಂಡರೆ ಯೋಗದಿಂದ ಸಿಗುವ ಲಾಭ ಹೆಚ್ಚುತ್ತದೆ, ಆಗುವ ಪೆಟ್ಟು ಕಡಿಮೆಯಾಗುತ್ತದೆ. ಅದನ್ನೇ ಈ ಲೇಖನದಲ್ಲಿ ನೋಡೋಣ.

ಮೊದಲಿಗೆ ಎರಡು ಪದಗಳು

ದೇಹದಲ್ಲಿ ಯಾವ ಭಾಗ ಎಲ್ಲಿದೆ, ಹೇಗೆ ಜೋಡಣೆಯಾಗಿದೆ ಎಂದು ತಿಳಿಸುವುದು ಅಂಗರಚನಾಶಾಸ್ತ್ರ. ಆ ಭಾಗ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಸುವುದು ಶರೀರಕ್ರಿಯಾಶಾಸ್ತ್ರ. ಮೊಣಕಾಲು ಯಾವ ದಿಕ್ಕಿಗೆ ಮಡಚುತ್ತದೆ ಎಂಬುದು ಮೊದಲನೆಯದು. ನಿಧಾನವಾಗಿ ಉಸಿರಾಡಿದರೆ ಹೃದಯ ಬಡಿತ ಏಕೆ ಇಳಿಯುತ್ತದೆ ಎಂಬುದು ಎರಡನೆಯದು.

ಯೋಗಕ್ಕೆ ಇವೆಲ್ಲ ಹೊರಗಿನ ವಿಷಯ ಎಂದು ಕೆಲವರು ಭಾವಿಸುತ್ತಾರೆ. ಆದರೆ ನಮ್ಮ ಊರಿನಲ್ಲೇ ಇದಕ್ಕೆ ಉತ್ತರವಿದೆ. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಎಸ್‌ಡಿಎಂ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು 1989ರಲ್ಲಿ ಆರಂಭವಾಯಿತು. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯಲ್ಲೂ ಇದೇ ಪದವಿಯ ಕಾಲೇಜಿದೆ. ಇಲ್ಲಿ ಬಿಎನ್‌ವೈಎಸ್ ಓದುವವರು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಕಲಿಯುತ್ತಾರೆ. ಆ ಕಲಿಕೆಯ ಬುನಾದಿಯೇ ಅಂಗರಚನೆ ಮತ್ತು ಶರೀರಕ್ರಿಯೆ. ಯೋಗವನ್ನು ಚಿಕಿತ್ಸೆಯಾಗಿ ಬಳಸುವವರು ಮೊದಲು ದೇಹವನ್ನು ಓದುತ್ತಾರೆ ಎಂದಾಯಿತು.

ಬೆನ್ನು: ಎಲ್ಲಿ ಬಾಗಬೇಕು?

ನಮ್ಮ ಬೆನ್ನುಮೂಳೆಯಲ್ಲಿ ಚಲಿಸುವ ಮಣಿಗಳು 24. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಕೆಳಗಿನವು ಒಂದಕ್ಕೊಂದು ಬೆಸೆದುಕೊಂಡಿವೆ. ಈ ಮಣಿಗಳ ನಡುವೆ ಮೆತ್ತೆಯಂತೆ ಡಿಸ್ಕ್‌ಗಳಿವೆ. ಡಿಸ್ಕಿನ ಹೊರಭಾಗ ಗಟ್ಟಿ ನಾರು, ಒಳಗೆ ಲೋಳೆಯಂಥ ತಿರುಳು. ಬೆನ್ನನ್ನು ಮುಂದಕ್ಕೆ ಗೂನಾಗಿಸಿದಾಗ ಡಿಸ್ಕಿನ ಮುಂಭಾಗ ಅದುಮಿ, ತಿರುಳು ಹಿಂದಕ್ಕೆ ಸರಿಯಲು ನೋಡುತ್ತದೆ. ನರಗಳು ಹೊರಬರುವುದು ಅದೇ ಹಿಂಭಾಗದಲ್ಲಿ.

ಈಗ ಬೀಡಿ ಕಟ್ಟುವವರನ್ನು ನೋಡಿ. ಚಕ್ಕಳಮಟ್ಟೆ ಹಾಕಿ, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು, ತಲೆ ತಗ್ಗಿಸಿ ಗಂಟೆಗಟ್ಟಲೆ ಕೂರುತ್ತಾರೆ. ಅವರ ಬೆನ್ನು ಇಡೀ ದಿನ ಮುಂದಕ್ಕೇ ಬಾಗಿರುತ್ತದೆ. ಅಡಿಕೆ ಸುಲಿಯುವವರದ್ದೂ, ಕಂಪ್ಯೂಟರ್ ಮುಂದೆ ಕೂರುವವರದ್ದೂ ಹೆಚ್ಚುಕಡಿಮೆ ಇದೇ ಕಥೆ. ಸಂಜೆ ತರಗತಿಗೆ ಬಂದು ಮತ್ತೆ ಹತ್ತು ನಿಮಿಷ ಬಲವಂತವಾಗಿ ಮುಂದಕ್ಕೆ ಬಾಗಿದರೆ, ದಿನವಿಡೀ ಮಾಡಿದ್ದನ್ನೇ ಮುಂದುವರಿಸಿದಂತಾಗುತ್ತದೆ. ಇಂಥವರಿಗೆ ಮೊದಲು ಬೇಕಿರುವುದು ಎದೆ ತೆರೆಯುವ, ಬೆನ್ನಿನ ಸ್ನಾಯು ಬಲಪಡಿಸುವ ಆಸನಗಳು. ಮೆಲ್ಲಗೆ ಮಾಡುವ ಭುಜಂಗಾಸನ, ಶಲಭಾಸನ, ಸೇತುಬಂಧಾಸನ ಇದಕ್ಕೆ ಒಳ್ಳೆಯ ಆರಂಭ. ಮುಂದಕ್ಕೆ ಬಾಗುವುದು ಆಮೇಲೆ.

ಮುಂದಕ್ಕೆ ಬಾಗುವಾಗಲೂ ಒಂದು ಸೂಕ್ಷ್ಮವಿದೆ. ತೊಡೆಯ ಹಿಂಭಾಗದ ಸ್ನಾಯುಗಳು ಕುಳಿತಾಗ ನೆಲಕ್ಕೆ ತಾಗುವ ಕುಂಡೆಲುಬಿನಿಂದ ಹೊರಟು ಮೊಣಕಾಲು ದಾಟಿ ಕೆಳಗೆ ಅಂಟಿಕೊಂಡಿವೆ. ಅವು ಬಿಗಿಯಾಗಿದ್ದು ಕಾಲನ್ನು ನೇರ ಚಾಚಿದರೆ, ಕುಂಡೆಲುಬನ್ನು ಹಿಂದಕ್ಕೆ ಹಿಡಿದೆಳೆಯುತ್ತವೆ. ಆಗ ಸೊಂಟದ ಕೀಲಿನಲ್ಲಿ ಆಗಬೇಕಾದ ಬಾಗುವಿಕೆ ಬೆನ್ನಿನ ಮೇಲೆ ಬೀಳುತ್ತದೆ. ಪರಿಹಾರ ಸುಲಭ. ಮಡಚಿದ ಕಂಬಳಿಯ ಮೇಲೆ ಕುಳಿತು, ಮೊಣಕಾಲನ್ನು ತುಸು ಮಡಚಿ, ಹೊಟ್ಟೆಯನ್ನು ತೊಡೆಯ ಕಡೆಗೆ ತನ್ನಿ. ಹಣೆ ತಾಗದಿದ್ದರೂ ಆಸನ ಸರಿಯಾಗಿಯೇ ಆಗುತ್ತದೆ.

ಪದ್ಮಾಸನ: ತಿರುಗಬೇಕಾದದ್ದು ಮೊಣಕಾಲಲ್ಲ

ಸೊಂಟದ ಕೀಲು ಬಟ್ಟಲಲ್ಲಿ ಕುಳಿತ ಚೆಂಡಿನಂತಿದೆ. ಎಲ್ಲ ದಿಕ್ಕಿಗೂ ತಿರುಗಬಲ್ಲದು. ಮೊಣಕಾಲು ಬಾಗಿಲ ತಿರುಗಣಿಯಂತೆ. ಮುಖ್ಯವಾಗಿ ಮಡಚುತ್ತದೆ, ಬಿಚ್ಚುತ್ತದೆ. ಮಡಚಿದಾಗ ಸ್ವಲ್ಪ ಮಾತ್ರ ತಿರುಗುತ್ತದೆ.

ಪದ್ಮಾಸನದಲ್ಲಿ ತೊಡೆಮೂಳೆ ಸೊಂಟದ ಬಟ್ಟಲಲ್ಲಿ ಚೆನ್ನಾಗಿ ಹೊರಕ್ಕೆ ತಿರುಗಬೇಕು. ಅಲ್ಲಿ ತಿರುಗದಿದ್ದಾಗ ನಾವು ಪಾದ ಹಿಡಿದು ಎಳೆಯುತ್ತೇವೆ. ಆ ತಿರುವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಅಲ್ಲಿರುವ ಮೆನಿಸ್ಕಸ್ ಎಂಬ ಅರ್ಧಚಂದ್ರಾಕಾರದ ಮೆತ್ತೆಗೆ ಪೆಟ್ಟಾದರೆ ಬೇಗ ವಾಸಿಯಾಗುವುದಿಲ್ಲ. ಅದರ ಒಳಭಾಗಕ್ಕೆ ರಕ್ತನಾಳಗಳೇ ಇಲ್ಲ.

ಇನ್ನೊಂದು ಮಾತು. ಸೊಂಟದ ಬಟ್ಟಲಿನ ಆಳ, ಅದು ಮುಖಮಾಡಿರುವ ದಿಕ್ಕು, ತೊಡೆಮೂಳೆಯ ಕುತ್ತಿಗೆಯ ಕೋನ ಒಬ್ಬೊಬ್ಬರಲ್ಲೂ ಬೇರೆ ಬೇರೆ. ಮೂಳೆಗೆ ಮೂಳೆ ತಾಗಿ ನಿಂತರೆ ಎಷ್ಟು ವರ್ಷ ಅಭ್ಯಾಸ ಮಾಡಿದರೂ ಅದು ಬದಲಾಗುವುದಿಲ್ಲ. ಅಂಥವರು ಸುಖಾಸನದಲ್ಲಿ ಕುಳಿತರೆ ಧ್ಯಾನಕ್ಕೆ ಏನೂ ಕೊರತೆಯಾಗದು. ಗಂಟುನೋವು ಇರುವವರು ಕುರ್ಚಿಯ ಮೇಲೆ ಕುಳಿತರೂ ಸರಿ.

ಹೀಗೆ ಆಸನವನ್ನು ದೇಹಕ್ಕೆ ಹೊಂದಿಸುವುದು ಹೊಸ ಕಾಲದ ರಿಯಾಯಿತಿ ಎಂದು ತಿಳಿಯಬೇಡಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಕಾಯಿಲೆಗಳಿಂದ ನಲುಗಿದವರು. ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತರು. ಮುಂದೆ ಹಗ್ಗ, ಪಟ್ಟಿ, ಮರದ ತುಂಡು, ಕುರ್ಚಿ, ಕಂಬಳಿಗಳನ್ನು ಬಳಸಿ ಆಸನ ಕಲಿಸುವ ಕ್ರಮವನ್ನು ಜಗತ್ತಿಗೆ ಪರಿಚಯಿಸಿದರು.

ಹೆಗಲು: ಕೈ ಎತ್ತುವುದು ಕೈಯೊಂದರ ಕೆಲಸವಲ್ಲ

ತೋಳನ್ನು ಕಿವಿಯ ಪಕ್ಕಕ್ಕೆ ಪೂರ್ತಿ ಎತ್ತಿದಾಗ ಆಗುವ ಸುಮಾರು 180 ಡಿಗ್ರಿ ಚಲನೆಯಲ್ಲಿ ಮೂರನೇ ಎರಡು ಪಾಲು ಹೆಗಲಿನ ಕೀಲಿನದು. ಉಳಿದ ಒಂದು ಪಾಲು ಬೆನ್ನ ಮೇಲಿನ ಹೆಗಲಮೂಳೆ ಜಾರಿ ತಿರುಗುವುದರಿಂದ ಬರುತ್ತದೆ. ಅಡಿಕೆ ಮರ ಏರುವವರು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರು ಹೆಗಲನ್ನು ಮೊದಲೇ ಬಹಳ ದುಡಿಸಿರುತ್ತಾರೆ. ಅವರಿಗೆ ಸೂರ್ಯನಮಸ್ಕಾರದಲ್ಲಿ ಕೈ ಎತ್ತುವಾಗ ಹೆಗಲಲ್ಲಿ ಚುಚ್ಚಿದಂತಾದರೆ ಕೈಗಳನ್ನು ಸ್ವಲ್ಪ ಅಗಲಿಸಿ, ಹೆಬ್ಬೆರಳು ಹಿಂದಕ್ಕೆ ಇರುವಂತೆ ಎತ್ತಲಿ. ಮೊಣಕೈ ತುಸು ಮಡಚಿದರೂ ಅಡ್ಡಿಯಿಲ್ಲ. ನೋವಿನ ಮೇಲೆಯೇ ಹನ್ನೆರಡು ಸುತ್ತು ಮುಗಿಸುವ ಹಟ ಬೇಡ.

ಹಿಗ್ಗುವುದು ಸ್ನಾಯುವೋ, ನರವೋ?

ಸ್ನಾಯುವಿನೊಳಗೆ ಅದು ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂದು ಅಳೆಯುವ ಪುಟ್ಟ ಸಂವೇದಕಗಳಿವೆ. ಜಗ್ಗಿ ಎಳೆದರೆ ಅವು ತಕ್ಷಣ ಸ್ನಾಯುವನ್ನು ಬಿಗಿಗೊಳಿಸುತ್ತವೆ. ದೇಹ ತನ್ನನ್ನು ತಾನು ಕಾಪಾಡಿಕೊಳ್ಳುವ ಬಗೆ ಇದು. ಆದ್ದರಿಂದ ಕುಲುಕುತ್ತ ಎಳೆಯುವುದಕ್ಕಿಂತ ನಿಧಾನವಾಗಿ ಹೋಗಿ ಅರ್ಧ ನಿಮಿಷ ನಿಲ್ಲುವುದು ಒಳ್ಳೆಯದು. ಮೊದಲ ಕೆಲವು ವಾರಗಳಲ್ಲಿ ನಾವು ಹೆಚ್ಚು ಬಾಗತೊಡಗುವುದಕ್ಕೆ ಮುಖ್ಯ ಕಾರಣ ಸ್ನಾಯು ಉದ್ದವಾದದ್ದಲ್ಲ. ಆ ಎಳೆತವನ್ನು ನರಮಂಡಲ ಸಹಿಸಲು ಕಲಿತದ್ದು.

ಸ್ನಾಯುವಿನ ಮಧ್ಯದಲ್ಲಿ ಹರಡಿದಂತೆ ಆಗುವ ಎಳೆತ ಸಹಜ. ಕೀಲಿನ ಒಳಗೆ ಚುಚ್ಚುವ ನೋವು, ಕಾಲಿಗೆ ಕೈಗೆ ಮಿಂಚಿನಂತೆ ಹರಿಯುವ ನೋವು, ಜೋಮು ಇವು ನಿಲ್ಲಿಸು ಎಂಬ ಸೂಚನೆ. ಮೈ ಬಹಳ ಸಲೀಸಾಗಿ ಬಾಗುವವರಿಗೂ ಎಚ್ಚರ ಬೇಕು. ಅವರಿಗೆ ಹೆಚ್ಚು ಬಾಗುವುದಕ್ಕಿಂತ ಕೀಲನ್ನು ಹಿಡಿದಿಡುವ ಸ್ನಾಯುಬಲ ಮುಖ್ಯ.

ಉಸಿರು: ಲೆಕ್ಕ ಹಾಕಿ ನೋಡೋಣ

ಎದೆ ಮತ್ತು ಹೊಟ್ಟೆಯ ನಡುವೆ ಕೊಡೆಯಂತೆ ಹರಡಿರುವ ಸ್ನಾಯು ವಪೆ. ಅದು ಕೆಳಗಿಳಿದಾಗ ಶ್ವಾಸಕೋಶ ಹಿಗ್ಗಿ ಗಾಳಿ ಒಳಬರುತ್ತದೆ, ಹೊಟ್ಟೆಯ ಅಂಗಗಳು ಮುಂದಕ್ಕೆ ಸರಿಯುತ್ತವೆ. ಹೊಟ್ಟೆ ಉಬ್ಬುವುದು ಇದರಿಂದಲೇ ಹೊರತು ಗಾಳಿ ಹೊಟ್ಟೆಗೆ ಹೋಗುವುದರಿಂದ ಅಲ್ಲ. ಮುದುಡಿ ಕುಳಿತರೆ ವಪೆಗೆ ಇಳಿಯಲು ಜಾಗ ಸಾಲದು. ಪ್ರಾಣಾಯಾಮಕ್ಕೆ ಬೆನ್ನು ನೇರ ಇರಲಿ ಎನ್ನುವುದು ಇದಕ್ಕೇ.

ಸಾಮಾನ್ಯವಾಗಿ ಒಂದು ಉಸಿರಿನಲ್ಲಿ ಸುಮಾರು 500 ಮಿಲಿಲೀಟರ್ ಗಾಳಿ ಒಳಹೋಗುತ್ತದೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು ರಕ್ತಕ್ಕೆ ಉಪಯೋಗವಾಗುವುದಿಲ್ಲ. ನಿಮಿಷಕ್ಕೆ 12 ಉಸಿರಾದರೆ ಉಪಯೋಗಕ್ಕೆ ಬರುವ ಗಾಳಿ 350 × 12, ಅಂದರೆ 4,200 ಮಿಲಿಲೀಟರ್. ಅದೇ 6 ಲೀಟರ್ ಗಾಳಿಯನ್ನು ನಿಮಿಷಕ್ಕೆ 6 ಸಲ, ಒಂದು ಲೀಟರಿನಂತೆ ಎಳೆದುಕೊಂಡರೆ 850 × 6, ಅಂದರೆ 5,100 ಮಿಲಿಲೀಟರ್. ನಿಧಾನದ ಉಸಿರು ವ್ಯರ್ಥವನ್ನು ಕಡಿಮೆ ಮಾಡುತ್ತದೆ.

ಇನ್ನೊಂದು ಲಾಭವೂ ಇದೆ. ಉಸಿರು ಎಳೆದಾಗ ಹೃದಯ ಬಡಿತ ತುಸು ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಹೃದಯವನ್ನು ನಿಧಾನಿಸುವ ವೇಗಸ್ ನರ ಉಸಿರು ಬಿಡುವಾಗ ಹೆಚ್ಚು ಕೆಲಸ ಮಾಡುತ್ತದೆ. ಉಸಿರನ್ನು ಉದ್ದಕ್ಕೆ ಬಿಟ್ಟಾಗ ಮನಸ್ಸು ಶಾಂತವಾದಂತೆ ಅನ್ನಿಸುವುದಕ್ಕೆ ಇದೊಂದು ಕಾರಣ.

ಕೇಳಿಬರುವ ಮಾತುಗಳು, ನಿಜಾಂಶ

*"ಜೋರಾಗಿ ಉಸಿರಾಡಿದರೆ ರಕ್ತಕ್ಕೆ ಆಮ್ಲಜನಕ ತುಂಬಿಕೊಳ್ಳುತ್ತದೆ."* ಆರೋಗ್ಯವಂತರ ರಕ್ತದ ಆಮ್ಲಜನಕ ಮಟ್ಟ ಸಾಮಾನ್ಯವಾಗಿ ಶೇ. 95ಕ್ಕಿಂತ ಮೇಲೆಯೇ ಇರುತ್ತದೆ. ಮತ್ತೆ ತುಂಬಲು ಹೆಚ್ಚು ಜಾಗವಿಲ್ಲ. ಅತಿವೇಗದ ಭಸ್ತ್ರಿಕೆಯಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಸುತ್ತುವುದು, ಬೆರಳು ಜುಮ್ಮೆನ್ನುವುದು ಅದರಿಂದ. ಅದು ಶಕ್ತಿ ಏರಿದ ಲಕ್ಷಣವಲ್ಲ.

*"ಶೀರ್ಷಾಸನದಿಂದ ಮಿದುಳಿಗೆ ರಕ್ತ ಹೆಚ್ಚಿ ಬುದ್ಧಿ ಚುರುಕಾಗುತ್ತದೆ."* ಮಿದುಳು ತನಗೆ ಬರುವ ರಕ್ತವನ್ನು ತಾನೇ ನಿಯಂತ್ರಿಸಿಕೊಳ್ಳುತ್ತದೆ. ಆದರೆ ಕಣ್ಣಿನ ಒಳಒತ್ತಡ ಆ ಭಂಗಿಯಲ್ಲಿ ಸುಮಾರು ಎರಡು ಪಟ್ಟು ಏರುತ್ತದೆ. ಗ್ಲಾಕೋಮಾ ಇರುವವರಿಗೆ ಇದು ಅಪಾಯ. ಕುತ್ತಿಗೆಯ ಸಣ್ಣ ಮಣಿಗಳು ಹೊರುವುದು ತಲೆಯ ಭಾರವನ್ನು, ಇಡೀ ಮೈಯ ಭಾರವನ್ನಲ್ಲ ಎಂಬುದೂ ನೆನಪಿರಲಿ.

*"ಮೈ ತಿರುಚಿದರೆ ವಿಷವೆಲ್ಲ ಹಿಂಡಿ ಹೋಗುತ್ತದೆ."* ಬೇಡದ್ದನ್ನು ಹೊರಹಾಕುವ ಕೆಲಸ ಮುಖ್ಯವಾಗಿ ಪಿತ್ತಜನಕಾಂಗ ಮತ್ತು ಮೂತ್ರಪಿಂಡಗಳದು. ಬಟ್ಟೆ ಹಿಂಡಿದಂತೆ ಅವನ್ನು ಹಿಂಡಲಾಗದು. ಅರ್ಧಮತ್ಸ್ಯೇಂದ್ರಾಸನದ ಲಾಭ ಬೆನ್ನಿನ ಚಲನೆಗೆ. ಸೊಂಟದ ಮಣಿಗಳು ತಿರುಗುವುದು ಕೆಲವೇ ಡಿಗ್ರಿ, ಹೆಚ್ಚಿನ ತಿರುವು ಎದೆಯ ಭಾಗದ್ದು. ಆದ್ದರಿಂದ ಸೊಂಟವನ್ನು ಬಲವಂತವಾಗಿ ತಿರುಚಬೇಡಿ.

*"ಯೋಗ ಶುರುಮಾಡಿದರೆ ಮಾತ್ರೆ ಬಿಡಬಹುದು."* ಇದು ಎಲ್ಲಕ್ಕಿಂತ ಅಪಾಯದ ಮಾತು. ನಿಯಮಿತ ಅಭ್ಯಾಸ ರಕ್ತದೊತ್ತಡ, ಸಕ್ಕರೆಯ ನಿರ್ವಹಣೆಗೆ ನೆರವಾಗಬಹುದು. ಮಾತ್ರೆ ಕಡಿಮೆ ಮಾಡಬೇಕೇ ಎಂದು ತೀರ್ಮಾನಿಸಬೇಕಾದವರು ಪರೀಕ್ಷೆ ಮಾಡಿದ ವೈದ್ಯರು. ಉಬ್ಬಸ ಇರುವವರು ಇನ್‌ಹೇಲರ್ ಬಿಟ್ಟು ಪ್ರಾಣಾಯಾಮವನ್ನೇ ನಂಬಬಾರದು.

ಯಾರಿಗೆ ಹೆಚ್ಚಿನ ಎಚ್ಚರ ಬೇಕು?

* ರಕ್ತದೊತ್ತಡ, ಹೃದಯದ ತೊಂದರೆ ಇರುವವರು: ಮುಕ್ಕಿ ಉಸಿರು ಕಟ್ಟಿ ಹಿಡಿಯುವುದು, ತಲೆಕೆಳಗಾದ ಆಸನಗಳು ಬೇಡ.
* ಮೂಳೆ ಸವೆತ ಇರುವ ಹಿರಿಯರು: ಬೆನ್ನನ್ನು ಗೂನು ಮಾಡಿ ಆಳವಾಗಿ ಮುಂದಕ್ಕೆ ಬಾಗುವುದರಿಂದ ಮಣಿ ಮುರಿಯುವ ಸಾಧ್ಯತೆ ಇದೆ.
* ಗರ್ಭಿಣಿಯರು: ಕೊನೆಯ ತಿಂಗಳುಗಳಲ್ಲಿ ಅಂಗಾತ ಬಹಳ ಹೊತ್ತು ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಅದುಮುತ್ತದೆ. ಶವಾಸನವನ್ನು ಎಡಮಗ್ಗುಲಲ್ಲಿ ಮಾಡಬಹುದು.
* ಎಲ್ಲರೂ: ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಬಹಳ. ಸಾಕಷ್ಟು ನೀರು ಕುಡಿದಿರಲಿ, ಶವಾಸನದಿಂದ ಥಟ್ಟನೆ ಏಳಬೇಡಿ. ಮಗ್ಗುಲಾಗಿ, ಕುಳಿತು, ಆಮೇಲೆ ಎದ್ದು ನಿಲ್ಲಿ.

ನಾಳೆಯಿಂದ ಏನು ಮಾಡಬಹುದು?

ಆಸನಕ್ಕೆ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇಂದು ಇಡೀ ದಿನ ನನ್ನ ಮೈ ಯಾವ ಭಂಗಿಯಲ್ಲಿತ್ತು? ಈ ಆಸನದಲ್ಲಿ ಚಲಿಸಬೇಕಾದ ಕೀಲು ಯಾವುದು? ಎಳೆತ ಗೊತ್ತಾಗುತ್ತಿರುವುದು ಸ್ನಾಯುವಿನಲ್ಲೋ, ಕೀಲಿನಲ್ಲೋ? ಉತ್ತರ ಹೊಳೆಯದಿದ್ದರೆ ಶಿಕ್ಷಕರನ್ನು ಕೇಳಿ. ಹಳೆಯ ನೋವು, ಶಸ್ತ್ರಚಿಕಿತ್ಸೆ, ಮಾತ್ರೆಗಳ ವಿಷಯವನ್ನು ಅವರಿಂದ ಮುಚ್ಚಿಡಬೇಡಿ. ನೋವು ಹಲವು ದಿನ ಉಳಿದರೆ ವೈದ್ಯರಿಗೆ ತೋರಿಸಿ.

ಪಕ್ಕದವರ ಹಣೆ ಮೊಣಕಾಲಿಗೆ ತಾಗಿದರೆ ತಾಗಲಿ. ದಿನವಿಡೀ ಬೀಡಿ ಕಟ್ಟಿ ಬಂದ ಬೆನ್ನು ತರಗತಿ ಮುಗಿದಾಗ ಬಂದಾಗಿಗಿಂತ ಹಗುರವಾಗಿದ್ದರೆ, ಅಂದಿನ ಯೋಗ ಸರಿಯಾಗಿ ಆಗಿದೆ ಎಂದೇ ಲೆಕ್ಕ.