ಬೆಂಗಳೂರಿನ ಕೆರೆಗಳೂ ಚಳಿಗಾಲದ ಹಕ್ಕಿಗಳೂ

ಕನಕಪುರದ ಹೆದ್ದಾರಿಯ ಮಗ್ಗುಲಲ್ಲಿರುವ ಜರಗನಹಳ್ಳಿಯು ಈಗ ಬೆಂಗಳೂರಿನ ಬೀದಿಗಳಲ್ಲಿ ಸೇರಿಹೋಗಿದೆಯಾದರೂ, ಮೂಲತಃ ಕೆರೆಯನ್ನು ನೆಚ್ಚಿದ ಹಳ್ಳಿ. ಜರಗನಹಳ್ಳಿ, ಸಾರಕ್ಕಿ, ಪುಟ್ಟೇನಹಳ್ಳಿ ಗ್ರಾಮಗಳ ಎಲ್ಲೆಗಳು ಕೂಡುವೆಡೆಯಲ್ಲಿ ೮೦ ಎಕರೆಗೂ ಮಿಗಿಲಾಗಿ ಹರಡಿರುವ ಜಲಾಶಯವನ್ನು ಜನರು ಸಾರಕ್ಕಿಯ ಕೆರೆಯೆಂದು ಕರೆಯುವರು. ಈ ಸೀಮೆಗೆ ಚಳಿಗಾಲದಲ್ಲಿ ಬಂದುಹೋಗುವ ಹಕ್ಕಿಗಳ ಚರಿತ್ರೆಯು ಇಂತಹ ಕೆರೆಗಳ ಚರಿತ್ರೆಯಿಂದ ಬೇರೆಯಾದುದಲ್ಲ.

ಬೆಂಗಳೂರಿನ ಸುತ್ತಮುತ್ತ ಭಾದ್ರಪದ ಆಶ್ವಯುಜಗಳ ಮಳೆಯೇ ಬಲವಾದುದು. ಕೆರೆಗಳು ತುಂಬಿ ಕೋಡಿ ಹರಿಯುವ ಹೊತ್ತಿಗೆ ಸರಿಯಾಗಿ ಹಿಮಾಲಯದಿಂದಲೂ ಅದರಾಚೆಯ ಮಧ್ಯ ಏಷ್ಯ, ಸೈಬೀರಿಯಗಳಿಂದಲೂ ಹಕ್ಕಿಗಳು ಬರತೊಡಗುವುವು. ಬಿಳಿಹುಬ್ಬಿನ ಬಾತು, ಸೂಜಿಬಾಲದ ಬಾತುಗಳಿಗೆ ವಿಸ್ತಾರವಾದ ನೀರು ಬೇಕು. ಅದು ಕಾರ್ತಿಕದಲ್ಲಿ ಸಿದ್ಧವಾಗಿರುವುದು. ಮುಂದೆ ತೂಬಿನ ಮೂಲಕ ನೀರು ಗದ್ದೆಗಳಿಗೆ ಹರಿದಂತೆಲ್ಲ ಕೆರೆಯಂಗಳದ ಅಂಚು ಕೆಸರಾಗಿ ತೆರೆದುಕೊಳ್ಳುವುದು. ಹುಳುಗಳನ್ನು ಕೊಕ್ಕಿನಿಂದ ಕೆದಕಿ ತಿನ್ನುವ ಗೊರವಗಳಿಗೆ ಮಾರ್ಗಶಿರ ಪುಷ್ಯಗಳಲ್ಲಿ ಇದೇ ಭೋಜನಶಾಲೆ. ಏರಿಯ ಮೇಲೆ ಬಾಲವಾಡಿಸುವ ಸಿಪಿಲೆ, ಗದ್ದೆಯ ಮೇಲೆ ತೇಲುವ ಕವಲುತೋಕೆ, ಜೊಂಡಿನ ಮೇಲೆ ತಗ್ಗಾಗಿ ಸುಳಿಯುವ ಸೆಳೆವ, ಎಲ್ಲಕ್ಕೂ ಒಂದೊಂದು ಠಾವುಂಟು. ಈ ಹೊಂದಿಕೆಯನ್ನು ಹಕ್ಕಿಗಳಿಗೆಂದು ಯಾರೂ ಏರ್ಪಡಿಸಿದುದಲ್ಲ. ಬೇಸಾಯಗಾರನ ಪಂಚಾಂಗದಿಂದ ತಾನಾಗಿ ಒದಗಿದುದು.

ಮೊದಲು ಇವುಗಳನ್ನು ವಿದ್ವಾಂಸರು ಅರಿತದ್ದು ಕೋವಿಯ ಸಹಾಯದಿಂದ. ಮದರಾಸಿನ ಸೈನ್ಯದಲ್ಲಿ ವೈದ್ಯರಾಗಿದ್ದ ಜರ್ಡನ್ನರು ೧೮೬೨ರಿಂದ ೧೮೬೪ರವರೆಗೆ ಭಾರತದ ಪಕ್ಷಿಗಳನ್ನು ಕುರಿತು ಪ್ರಕಟಿಸಿದ ಮಹಾಗ್ರಂಥಕ್ಕೆ ಕೊಂದು ತೊಗಲು ತೆಗೆದಿಟ್ಟ ಮಾದರಿಗಳೇ ಆಧಾರ. ಸಾಲಿಂ ಅಲಿಯವರು ೧೯೩೯-೪೦ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕೈಗೊಂಡ ಪರಿಶೋಧನೆಯಲ್ಲಿಯೂ ಮಾದರಿಗಳ ಸಂಗ್ರಹ ನಡೆಯಿತು. ಆದರೆ ಅದೇ ಪ್ರವಾಸದ ಫಲವಾಗಿ ೧೯೪೦ರಲ್ಲಿ ರಂಗನತಿಟ್ಟು ಪಕ್ಷಿಗಳ ಆಶ್ರಯಸ್ಥಾನವಾಯಿತೆಂಬುದನ್ನೂ ಮರೆಯಲಾಗದು.

ಕೋವಿಯನ್ನಿಳಿಸಿ ದುರ್ಬೀನನ್ನೆತ್ತಿದ ಕಾಲ ತಡವಾಗಿ ಬಂತು. ೧೯೭೦ರ ದಶಕದಲ್ಲಿ ಡಾಕ್ಟರ್ ಜೋಸೆಫ್ ಜಾರ್ಜರು ಬೆಂಗಳೂರಿನಲ್ಲಿ ಪಕ್ಷಿವೀಕ್ಷಕರ ಸಂಘವೊಂದನ್ನು ಕಟ್ಟಿದರು. ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ನೆರೆಯುವುದು ಅದರ ಪದ್ಧತಿಯಾಯಿತು. ಕಂಡುದನ್ನು ದಿನಾಂಕ ಸಹಿತ ಬರೆದಿಡುವ ಈ ಶಿಸ್ತಿನಿಂದಲೇ ೧೯೯೪ರಲ್ಲಿ ಬೆಂಗಳೂರಿನ ಹಕ್ಕಿಗಳ ಸಟಿಪ್ಪಣ ಪಟ್ಟಿ ಹೊರಬಂದಿತು. ಏಷ್ಯದಾದ್ಯಂತ ೧೯೮೭ರಿಂದ ಪ್ರತಿವರ್ಷ ಜನವರಿಯಲ್ಲಿ ನಡೆದ ನೀರುಹಕ್ಕಿಗಳ ಗಣತಿಯಲ್ಲಿ ಬೆಂಗಳೂರಿನ ಕೆರೆಗಳೂ ಸೇರಿದುವು. ಅವುಗಳ ಸ್ಥಿತಿಯನ್ನೂ ಹಕ್ಕಿಗಳನ್ನೂ ಒಟ್ಟಿಗೆ ವಿವರಿಸುವ ವರದಿಯನ್ನು ಅರಣ್ಯ ಇಲಾಖೆಯು ೧೯೯೬ರಲ್ಲಿ ಪ್ರಕಟಿಸಿತು. ಹವ್ಯಾಸವೆಂದು ಹಗುರಾಗಿ ನುಡಿಯುವವರುಂಟು. ಕೆರೆಯೊಂದು ಕೆಟ್ಟಿತೆಂದು ವಾದಿಸುವವನಿಗೆ ಇಂತಹ ಲೆಕ್ಕಕ್ಕಿಂತ ಬಲವಾದ ಸಾಕ್ಷ್ಯ ಯಾವುದಿದೆ?

ಕೆಡುವ ಬಗೆಯೂ ಒಂದೇ ಅಲ್ಲ. ಗದ್ದೆಗಳು ಬಡಾವಣೆಗಳಾದ ಮೇಲೆ ತೂಬು ತೆರೆಯುವ ಪ್ರಮೇಯವೇ ಇಲ್ಲ. ಕೊಳಚೆ ಹರಿದು ಸೇರುವ ಕೆರೆಯು ಬೇಸಗೆಯಲ್ಲಿಯೂ ಇಳಿಯದು. ನೀರಿರುವುದು, ಕೆಸರಿನ ಅಂಚಿರದು. ನೋಡುವವನಿಗೆ ಕೆರೆ ತುಂಬಿದೆ, ಗೊರವಕ್ಕೆ ಮಾತ್ರ ಬರಿದು. ಸಾರಕ್ಕಿಯ ಕೆರೆಯಂಗಳದಲ್ಲಿ ಎದ್ದಿದ್ದ ಒತ್ತುವರಿಗಳನ್ನು ಜಿಲ್ಲಾಡಳಿತವು ೨೦೧೫ರ ಏಪ್ರಿಲಿನಲ್ಲಿ ತೆರವು ಮಾಡಿಸಿತು. ಮನೆ ಕಳೆದುಕೊಂಡವರ ಸಂಕಟ ಅಲ್ಪವಲ್ಲ. ಕಾಗದಪತ್ರವನ್ನು ನಂಬಿ ಕೊಂಡವರೂ ಅವರಲ್ಲಿದ್ದರು. ಆದರೂ ಕೆರೆಯ ನೆಲ ಕೆರೆಗೆ ಮರಳಿತು. ಪಕ್ಕದ ಪುಟ್ಟೇನಹಳ್ಳಿಯ ೧೩ ಎಕರೆಯ ಚಿಕ್ಕ ಕೆರೆಯನ್ನು ನೆರೆಯವರೇ ೨೦೧೦ರಲ್ಲಿ ಟ್ರಸ್ಟೊಂದನ್ನು ರಚಿಸಿಕೊಂಡು ಉಳಿಸಿಕೊಂಡರು. ಅಲ್ಲಿಯ ಜೊಂಡಿನ ನಡುವೆ ನೇರಳೆ ಬಣ್ಣದ ಜಂಬುಕೋಳಿಗಳು ಕೆಂಪು ಕಾಲುಗಳನ್ನೆತ್ತಿ ನಡೆಯುವುದನ್ನು ದಾರಿಹೋಕರೂ ನಿಂತು ನೋಡುವರು.