ಶವವು ಹೇಳಿದ ಸುಳ್ಳು

ವಿಷಪ್ರಾಶನದ ಮೊಕದ್ದಮೆಯಲ್ಲಿ ಶವಪರೀಕ್ಷೆಗಿಂತ ದೊಡ್ಡ ಸಾಕ್ಷಿಯಿಲ್ಲವೆಂದು ನಾವು ನಂಬುತ್ತೇವೆ. ಆ ಸಾಕ್ಷಿಯೂ ಸುಳ್ಳಾಡಬಲ್ಲದೆಂದು 1870ರ ದಶಕದಲ್ಲಿ ತೋರಿಸಿದವರು ಇಟಲಿಯ ಬೊಲೋನ್ಯಾದ ರಸಾಯನಶಾಸ್ತ್ರಜ್ಞ ಫ್ರಾನ್ಸೆಸ್ಕೊ ಸೆಲ್ಮಿ. ಯಾರೂ ವಿಷವಿಕ್ಕದ ಶವದಲ್ಲಿಯೂ, ಅದು ಕೊಳೆಯುವಾಗ, ಪರೀಕ್ಷೆಯಲ್ಲಿ ಸಸ್ಯವಿಷಗಳನ್ನೇ ಹೋಲುವ ವಸ್ತುಗಳು ಹುಟ್ಟುತ್ತವೆ ಎಂದರು. ಶವವೆಂಬ ಅರ್ಥದ ಗ್ರೀಕ್ ಪದದಿಂದ ಅವಕ್ಕೆ ‘ಟೊಮೇನ್’ ಎಂದು ಹೆಸರಿಟ್ಟರು. 1885ರ ಸುಮಾರಿಗೆ ಬರ್ಲಿನ್ನಿನ ಲುಡ್ವಿಗ್ ಬ್ರೀಗರ್ ಕೊಳೆತ ಮಾಂಸದಿಂದ ಪ್ಯುಟ್ರೆಸಿನ್, ಕಡಾವರಿನ್ ಎಂಬ ಎರಡನ್ನು ಬೇರ್ಪಡಿಸಿದರು.

ಇವು ಬ್ಯಾಕ್ಟೀರಿಯಾಗಳ ಕೈಕೆಲಸವೆಂದು ಇಂದು ಬಲ್ಲೆವು. ಅವು ಅಮೈನೋ ಆಮ್ಲದಿಂದ ಇಂಗಾಲದ ಡೈಆಕ್ಸೈಡನ್ನು ಕಳಚಿದಾಗ ಲೈಸಿನ್ ಕಡಾವರಿನ್ ಆಗುತ್ತದೆ, ಆರ್ನಿಥಿನ್ ಪ್ಯುಟ್ರೆಸಿನ್ ಆಗುತ್ತದೆ. ತರಗತಿಯಲ್ಲಿ ನಾವು ಒಂದೇ ಸಾಲಿನಲ್ಲಿ ಬರೆಸಿ ಮುಗಿಸುವ ಸಮೀಕರಣವಿದು. ಅದನ್ನು ಅರಿಯದ ಕಾಲದಲ್ಲಿ, ಕಣ್ಣಿಗೆ ಕಾಣದ ಜೀವಿಯ ಕೆಲಸಕ್ಕೆ ಮನೆಯ ಆಳೋ ಹೆಂಡತಿಯೋ ಕೊರಳೊಡ್ಡಬೇಕಾಗಬಹುದಿತ್ತು.