ಪಶ್ಚಿಮ ಬೆಂಗಳೂರು: ಜನಸಂಖ್ಯೆ ಬೆಳೆದ ಬಗೆ

ನಗರದ ಜನಸಂಖ್ಯೆಯನ್ನು ಹೆಚ್ಚಿಸುವ ಅಂಶಗಳು ಮೂರು: ಮರಣಕ್ಕಿಂತ ಅಧಿಕವಾದ ಜನನ, ವಲಸೆ ಹಾಗೂ ಗಡಿ ವಿಸ್ತರಣೆ. 2001–2011ರ ನಡುವೆ ಕರ್ನಾಟಕದ ಜನಸಂಖ್ಯೆ ಸುಮಾರು ಶೇ 15.6ರಷ್ಟು ಏರಿದರೆ, ಬೆಂಗಳೂರು ನಗರ ಜಿಲ್ಲೆಯದು ಶೇ 47ರಷ್ಟು ಏರಿತು. ಈ ಅಂತರಕ್ಕೆ ವಲಸೆಯೇ ಮುಖ್ಯ ಕಾರಣ.

ಪಶ್ಚಿಮ ಭಾಗಕ್ಕೆ ವಲಸಿಗರನ್ನು ಮೊದಲು ಸೆಳೆದದ್ದು ಕೈಗಾರಿಕೆ. 1949ರಲ್ಲಿ ರಾಜಾಜಿನಗರ ಕೈಗಾರಿಕಾ ಉಪನಗರಕ್ಕೆ ಶಂಕುಸ್ಥಾಪನೆಯಾಯಿತು. 1970ರ ದಶಕದಲ್ಲಿ ಪೀಣ್ಯ ಬೆಳೆಯಿತು. ವಿಜಯನಗರ, ಬಸವೇಶ್ವರನಗರಗಳು ದುಡಿಮೆಗೆ ಸಮೀಪದ ವಸತಿ ಬಡಾವಣೆಗಳಾದವು. 2007ರಲ್ಲಿ ಕೆಂಗೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದಾಗ, ಅಲ್ಲಿನವರು ಮನೆ ಬದಲಿಸದೆಯೇ ಪಾಲಿಕೆಯ ಲೆಕ್ಕಕ್ಕೆ ಬಂದರು. 2021ರಲ್ಲಿ ಮೆಟ್ರೊ ಅಲ್ಲಿಗೆ ತಲುಪಿತು.

2019–21ರ ಸಮೀಕ್ಷೆಯಂತೆ ರಾಜ್ಯದ ಫಲವತ್ತತೆ ದರ 1.7; ಜನಸಂಖ್ಯೆ ಸ್ಥಿರವಾಗಿರಲು ಬೇಕಾದದ್ದು 2.1. ಆದ್ದರಿಂದ ಇಲ್ಲಿನ ಬೆಳವಣಿಗೆಗೆ ಉತ್ತರವಿರುವುದು ಕುಟುಂಬ ಯೋಜನೆಯಲ್ಲಲ್ಲ. ನೀರು, ವಸತಿ, ಸಾರಿಗೆಗಳ ಯೋಜನೆಯಲ್ಲಿ.